ಹನ್ನೆರಡನೇ ಪಾಠದ ಕೈಗಳು

೧

ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕು ಅನ್ನುವುದೇ ಮೊದಲ ತಲೆನೋವು. ಪಿಯಾನೋ ಮೇಷ್ಟ್ರು ಕ್ಯಾಮೆರಾದ ಮುಂದೆ ಕುಳಿತು ಗಂಟಲು ಸರಿಮಾಡಿಕೊಳ್ಳುವಲ್ಲಿಂದ ಶುರು ಮಾಡಿದರೆ ನಿಮಗೆ ಅವರ ಮೇಲೆ ಮೊದಲೇ ಪ್ರೀತಿ ಹುಟ್ಟಿಬಿಡುತ್ತದೆ. ಮನುಷ್ಯ ಇರುವುದೇ ಹಾಗೆ. ಒಂಬತ್ತು ವರ್ಷ ಹಿಂದಿನ ಆ ಮಧ್ಯಾಹ್ನದಿಂದ ಶುರು ಮಾಡಿದರೆ ಮೊದಲ ಪುಟದಲ್ಲೇ ಅವರ ಮುಖಕ್ಕೆ ಮಸಿ ಬಳಿದಂತಾಗುತ್ತದೆ.

(ನೋಡಿದಿರಾ? ವರ್ಣಭೇದದ ಬಗ್ಗೆ ಬರೆಯಲು ಕುಳಿತ ನನ್ನ ಕೈಗೆ ಸಿಕ್ಕ ಮೊದಲ ನುಡಿಗಟ್ಟು ಇದು. ಅವಮಾನ ಅಂದರೆ ಕಪ್ಪು. ಹೊಡೆದುಹಾಕೋಣ ಅಂದುಕೊಂಡೆ, ಆಮೇಲೆ ಇರಲಿ ಬಿಡು ಅಂತ ಬಿಟ್ಟೆ. ಮೇಷ್ಟ್ರ ಹುಳುಕು ಹೇಳಲು ಹೊರಟವರದ್ದೂ ನಿಮಗೆ ಗೊತ್ತಿರಬೇಕಲ್ಲ.)

ಮೊದಲನೇ ಡ್ರಾಫ್ಟು ಹೀಗೆ ಶುರುವಾಗಿತ್ತು: 'ಸಂಗೀತಕ್ಕೆ ಬಣ್ಣವಿಲ್ಲ ಎಂದು ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರಿಟ್ಟರು.' ಓದಿ ನನಗೇ ಮೈ ಪರಚಿಕೊಳ್ಳುವಂತಾಯಿತು. ಅಳಿಸಿದೆ. ಎರಡನೆಯದರಲ್ಲಿ ಕಿಟಕಿ ಇರಲಿಲ್ಲ, ನಿಟ್ಟುಸಿರು ಹಾಗೇ ಉಳಿದಿತ್ತು. ಅದನ್ನೂ ಅಳಿಸಿದೆ.

೨

ಸರಿ, ಮೊದಲು ಕೋಣೆ.

ಮಹಡಿಯ ಮೇಲಿನ ಮುಂದಿನ ಕೋಣೆ. ಗೋಡೆಗೆ ಒರಗಿಸಿಟ್ಟ ಕಂದು ಬಣ್ಣದ ಹಳೇ ಪಿಯಾನೋ, ಅದರ ಮುಚ್ಚಳದ ಮೇಲೆ ಪೆನ್ಸಿಲ್ ಚೂರುಗಳ ಡಬ್ಬಿ, ಪಕ್ಕದಲ್ಲಿ ಒಂದು ದೀಪ. ಮೇಲಿಂದ ಕೆಳಗೆ ನೋಡುವಂತೆ ಒಂದು ಕಬ್ಬಿಣದ ಕೈಗೆ ಕಟ್ಟಿದ ಫೋನು. ಮೇಷ್ಟ್ರ ಚಾನೆಲ್ಲಿನಲ್ಲಿ ನಲವತ್ತು ಪಾಠಗಳಿವೆ. ಒಂದರಲ್ಲೂ ಮುಖ ಕಾಣುವುದಿಲ್ಲ, ಕೀಗಳು ಮತ್ತು ಎರಡು ಕೈ, ಅಷ್ಟೇ. ಮುಖ ಕಾಣುವುದು ತಿಂಗಳ ಮೊದಲ ಭಾನುವಾರ, 'ಚಾನೆಲ್ ಸಮಾಚಾರ'ದಲ್ಲಿ ಮಾತ್ರ. ಪೆಡಲ್ಲಿನ ಕಿರಗುಟ್ಟುವಿಕೆ ರಿಪೇರಿಯಾಯಿತು, ಮುಂದಿನ ಪಾಠ ಎರಡು ವಾರ ತಡ, ಇಂಥವರು ಬೆರಳು ನೋಯುತ್ತದೆ ಅಂತ ಬರೆದಿದ್ದಾರೆ, ದಯವಿಟ್ಟು ಸ್ಟೂಲು ಎತ್ತರಿಸಿಕೊಳ್ಳಿ, ಇತ್ಯಾದಿ.

ಅವರ ಕೆಲಸದ ರೀತಿಯೊಂದನ್ನು ನೀವು ತಿಳಿದುಕೊಳ್ಳಬೇಕು, ಕಥೆಯೆಲ್ಲ ಅದರ ಮೇಲೆ ನಿಂತಿದೆ. ಧ್ವನಿ ಬೇರೆ, ಚಿತ್ರ ಬೇರೆ. ಬೆಳಿಗ್ಗೆ ಬಾಗಿಲು ಹಾಕಿ, ಫ್ರಿಜ್ಜಿನ ಪ್ಲಗ್ಗು ಕಿತ್ತು, ಮೈಕನ್ನು ಪಿಯಾನೋದ ಬಾಯಿಗಿಟ್ಟು ಧ್ವನಿ ಹಿಡಿಯುತ್ತಾರೆ. ಮಧ್ಯಾಹ್ನ ಅದೇ ಧ್ವನಿಯನ್ನು ಕಿವಿಗೆ ಹಾಕಿಕೊಂಡು, ಅದರ ಜೊತೆಜೊತೆಗೇ ಕೈ ಆಡಿಸಿ ಚಿತ್ರ ತೆಗೆಯುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವರ ತಂಗಿ ರಜೆಯ ದಿನ ಬಂದು ಎರಡನ್ನೂ ಹೊಲಿಗೆ ಕಾಣದಂತೆ ಜೋಡಿಸುತ್ತಾಳೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲರೂ ಮಾಡುತ್ತಾರೆ.

ಮೋಸ ಇಲ್ಲ ಅಂತ ಮೇಷ್ಟ್ರೂ ಒಂಬತ್ತು ವರ್ಷ ಹೇಳಿಕೊಂಡೇ ಬಂದರು.

೩

ಅವಳಿಗಾಗ ಹದಿನಾಲ್ಕು. ಅಪ್ಪ ಅಮ್ಮ ಬೇರೊಂದು ದೇಶದಿಂದ ಬಂದು ಆ ಊರಿನಲ್ಲಿ ನೆಲೆ ನಿಂತವರು. ಅವಳು ಹುಟ್ಟಿದ್ದು ಮೇಷ್ಟ್ರ ಮನೆಯಿಂದ ಎರಡು ಬೀದಿ ಆಚೆ. ಆದರೂ ಯಾವ ಕಡೆಯವಳು ಅಂತ ಅವಳನ್ನು ಕೇಳದವರಿಲ್ಲ. ಮೈಬಣ್ಣ ಕಪ್ಪು. (ಇಲ್ಲೊಂದು ಹೋಲಿಕೆ ಹಾಕಿದ್ದೆ, ತೆಗೆದೆ. ಕಪ್ಪು ಅಂದರೆ ಕಪ್ಪು, ಸಾಕು.) ತಾಳ ಒಂದು ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಅವಳನ್ನು 'ಗಡಿಯಾರ' ಅಂತ ಕರೆಯುತ್ತಿದ್ದರು. ಹೊಗಳಿಕೆಗೆ ಬಾಯಿ ಬಿಗಿ ಹಿಡಿಯುವ ಮನುಷ್ಯ. ಹೆಸರಿಟ್ಟರೆಂದರೆ ತಲೆ ಮೇಲೆ ಹೊತ್ತುಕೊಂಡರು ಅಂತಲೇ ಅರ್ಥ.

ಹನ್ನೆರಡನೇ ಪಾಠ ಕಷ್ಟದ್ದು. ಎಡಗೈ ಬಲಗೈಯನ್ನು ದಾಟಿ ಆಚೆ ದಡಕ್ಕೆ ಹೋಗಿ, ಒಂದೇ ಸ್ವರ ಮುಟ್ಟಿ, ವಾಪಸು ಬರಬೇಕು. ಮೇಷ್ಟ್ರಿಗೆ ಆ ವರ್ಷ ಎಡ ಹೆಬ್ಬೆರಳಿನಲ್ಲಿ ನೋವು. "ಗಡಿಯಾರ, ನೀನೇ ನುಡಿಸಮ್ಮ," ಅಂದರು. ಬೆಳಿಗ್ಗೆ ಅವಳು ನುಡಿಸಿದಳು. ಒಂದೇ ಸಲಕ್ಕೆ ಆಯಿತು. ದಾಟುವ ಮುಂಚೆ ಅವಳೊಂದು ಸಣ್ಣ ಉಸಿರು ಎಳೆದುಕೊಂಡಳು, ಮೈಕು ಅದನ್ನೂ ಹಿಡಿಯಿತು. ಇರಲಿ, ಚೆನ್ನಾಗಿದೆ ಅಂದರು ಮೇಷ್ಟ್ರು.

ಮಧ್ಯಾಹ್ನ ಚಿತ್ರ ತೆಗೆಯುವಾಗ ತಂಗಿ ಫೋನಿನ ಪರದೆ ನೋಡುತ್ತಾ, "ಅಣ್ಣ, ಕೈ ಕಪ್ಪು ಕೀಗಳ ಮೇಲೆ ಹೋದಾಗ ಬೆರಳು ಬಿಡಿಬಿಡಿಯಾಗಿ ಕಾಣ್ತಿಲ್ಲ," ಅಂದಳು.

ಮೇಷ್ಟ್ರೂ ಬಗ್ಗಿ ನೋಡಿದರು. "ಬೆಳಕು ಸಾಲ್ತಿಲ್ಲ."

"ಒಳಗಡೆ ಇನ್ನೊಂದು ದೀಪ ಇದೆಯಲ್ಲ ಸರ್," ಅಂದಳು ಗಡಿಯಾರ. "ಅದನ್ನ ತಂದಿಡೋಣ್ವಾ?"

ಇತ್ತು. ಮೇಷ್ಟ್ರ ಮಂಚದ ಪಕ್ಕ, ಓದುವ ದೀಪ. ಪಿಯಾನೋದಿಂದ ಎಂಟು ಹೆಜ್ಜೆ, ನಾನು ಎಣಿಸಿದ್ದೇನೆ.

"ಅದೆಲ್ಲ ಹೊತ್ತಾಗತ್ತಮ್ಮ," ಅಂದರು ಮೇಷ್ಟ್ರು. ಹೊರಗಿನ ಬೆಂಚಿನ ಮೇಲೆ ತನ್ನ ಪಾಠಕ್ಕೆ ಕಾಯುತ್ತಿದ್ದ ಡಾಕ್ಟರ ಮಗಳನ್ನು ಕರೆದರು. ಬೆಳ್ಳಗಿನ, ನೀಳ ಬೆರಳಿನ ಹುಡುಗಿ. ಅವಳದೇನೂ ತಪ್ಪಿಲ್ಲ, ಕರೆದರು, ಬಂದಳು. "ಧ್ವನಿ ನಿಂದೇ ಇರತ್ತೆ ಬಿಡು," ಅಂತ ಗಡಿಯಾರಕ್ಕೆ ಸಮಾಧಾನ ಹೇಳಿದರು. "ಕೈ ಯಾರದಾದ್ರೇನು?"

ಡಾಕ್ಟರ ಮಗಳಿಗೆ ತಾಳ ನಿಲ್ಲಲಿಲ್ಲ. ಧ್ವನಿ ಒಂದು ಕಡೆ, ಕೈ ಒಂದು ಕಡೆ. ಕೊನೆಗೆ ಗಡಿಯಾರವೇ ಸ್ಟೂಲಿನ ಹಿಂದೆ ನಿಂತು, ಆ ಹುಡುಗಿಯ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಎಣಿಸಿದಳು. ಒಂದು, ಎರಡು, ಮೂರು, ಈಗ ದಾಟು. ತನ್ನದೇ ಆಟಕ್ಕೆ ಇನ್ನೊಬ್ಬಳ ಕೈಯನ್ನು ನಡೆಸಿದಳು, ಹದಿನಾಲ್ಕು ವರ್ಷದವಳು, ಒಂದು ದೂರೂ ಹೇಳದೆ.

ಪಾಠ ಹೆಸರು ಮಾಡಿತು. ಚಾನೆಲ್ಲಿನಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದೇ. ಯಾರೋ ಒಬ್ಬ ಸೂಕ್ಷ್ಮ ಕಿವಿಯವರು ಕೆಳಗೆ ಕೇಳಿದ್ದರು: 'ಎಡಗೈ ದಾಟುವ ಮುಂಚೆ ಒಂದು ಉಸಿರು ಕೇಳಿಸುತ್ತದೆ. ಕೈಗಿಂತ ಉಸಿರೇ ಮುಂದಿದೆಯಲ್ಲ, ಯಾರದು?' ಮೇಷ್ಟ್ರು ಉತ್ತರ ಬರೆದರು: 'ನನ್ನದೇ. ಪಕ್ಕದಲ್ಲಿ ಕುಳಿತಿದ್ದೆ.' ಅದಕ್ಕೆ ನಲವತ್ತು ಜನ ನಗುಮುಖ ಹಾಕಿದರು.

೪

(ಈ ಭಾಗದಲ್ಲಿ ಗಡಿಯಾರ ಆ ದಿನ ಮನೆಗೆ ಹೋಗಿ ಅತ್ತ ದೃಶ್ಯವಿತ್ತು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ತೆಗೆದಿದ್ದೇನೆ.)

೫

ಈಗ ಅವಳಿಗೆ ಇಪ್ಪತ್ತಮೂರು. ಮನೆಮನೆಗೆ ಹೋಗಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಾಳೆ. ಒಂದು ತಿಂಗಳ ಕೊನೆಯ ವಾರ ಮೇಷ್ಟ್ರಿಗೆ ಒಂದು ಮೆಸೇಜು ಬಂತು.

'ಸರ್, ನಾನು ಗಡಿಯಾರ. ಒಂದು ಸಂಗೀತ ಶಾಲೆಗೆ ಟೀಚರ್ ಕೆಲಸ ಕೇಳೋಕೆ ಹೋಗಿದ್ದೆ. ಅಲ್ಲಿ ಮಕ್ಕಳಿಗೆ ನಿಮ್ಮ ಹನ್ನೆರಡನೇ ಪಾಠಾನೇ ತೋರಿಸ್ತಾರೆ. ಅದು ನಾನೇ ನುಡಿಸಿದ್ದು ಅಂತ ಖುಷಿಯಲ್ಲಿ ಹೇಳಿಬಿಟ್ಟೆ. ಅವರು ವಿಡಿಯೋ ಹಾಕಿ ಕೈ ತೋರಿಸಿ ನಕ್ಕರು. ಸುಳ್ಳು ಹೇಳೋರನ್ನ ಮಕ್ಕಳ ಹತ್ತಿರ ಬಿಡೋದು ಹೇಗೆ ಅಂದ್ರು. ನಾನು ಸುಳ್ಳು ಹೇಳಿಲ್ಲ ಅಂತ ಒಂದೇ ಒಂದು ಸಾಲು ಬರೆದುಕೊಡ್ತೀರಾ? ಬರೋ ತಿಂಗಳು ಇಪ್ಪತ್ತನೇ ತಾರೀಖಿನೊಳಗೆ ಬೇಕು.'

ಮೇಷ್ಟ್ರ ಎದೆ ಧಸಕ್ಕೆಂದಿತು. ಮೊದಲು ನೆನಪಾದದ್ದು ಅವಳ ಮುಖವಲ್ಲ, ಆ ನಲವತ್ತು ನಗುಮುಖ. 'ಖಂಡಿತ ಕೊಡ್ತೀನಮ್ಮ' ಅಂತ ಬರೆದು ಅಳಿಸಿದರು. 'ನುಡಿಸಿದ್ದು ನೀನೇ ಆದರೂ' ಅಂತ ಬರೆದು ಅಳಿಸಿದರು. ಒಂದು ಪಾಠ ಹೀಗೆ ಅಂತ ಬಾಯಿ ಬಿಟ್ಟರೆ ಉಳಿದ ಮೂವತ್ತೊಂಬತ್ತರಲ್ಲಿ ಯಾರ್ಯಾರ ಕೈ ಅಂತ ಕೇಳುತ್ತಾರೆ. ಮಕ್ಕಳನ್ನು ಕಳಿಸುವ ಅಪ್ಪಂದಿರು ಮೂಗು ಮುರಿಯುತ್ತಾರೆ. ನಾಳೆ ಬರೆಯೋಣ ಅಂತ ಫೋನು ಬೋರಲು ಹಾಕಿದರು. ಡ್ರಾಫ್ಟು ಅಳಿಸುವುದರಲ್ಲಿ ಅವರಿಗೂ ನನಗೂ ಇರುವ ವ್ಯತ್ಯಾಸ ಒಂದೇ: ನನ್ನ ಸಾಲಿಗಾಗಿ ಯಾರೂ ಕೆಲಸ ಕೈಲಿ ಹಿಡಿದು ಕಾಯುತ್ತಿರಲಿಲ್ಲ.

೬

ಭಾನುವಾರ ಬಂತು. ಚಾನೆಲ್ ಸಮಾಚಾರ.

ಪೆಡಲ್ಲು ರಿಪೇರಿಯಾಯಿತು ಅಂದರು. ನಲವತ್ತೊಂದನೇ ಪಾಠ ತಡವಾಗುತ್ತದೆ ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಇವತ್ತು ಸಂಗೀತ ಬಿಟ್ಟು ಬೇರೊಂದು ಮಾತಾಡ್ಬೇಕು," ಅಂದರು. "ವರ್ಣಭೇದದ ಬಗ್ಗೆ."

ಒಂದು ಸಾಲು ಕೇಳಿದವಳಿಗೆ ಹನ್ನೆರಡು ನಿಮಿಷದ ಭಾಷಣ.

"ಸ್ವಲ್ಪ ನಿಲ್ಲಿ," ಅಂತ ಇಲ್ಲಿ ಮೇಷ್ಟ್ರು ನನ್ನನ್ನು ತಡೆಯುತ್ತಾರೆ. "ನೀವು ನನ್ನನ್ನ ಬರೀ ಬೂಟಾಟಿಕೆಯವನ ಥರ ತೋರಿಸ್ತಿದ್ದೀರಿ. ನನಗೂ ಆಗಿದೆ. ಅದನ್ನೂ ಬರೀರಿ."

ಬರೆಯುತ್ತೇನೆ ಮೇಷ್ಟ್ರೇ. ಅದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮೇಷ್ಟ್ರದ್ದು ಗೋಧಿ ಬಣ್ಣ. ಯಾರು ಬೇಕಾದರೂ ಒಳಗೆ ಸೇರಿಸಿಕೊಳ್ಳಬಹುದಾದ, ಯಾರು ಬೇಕಾದರೂ ಹೊರಗಿಡಬಹುದಾದ ಬಣ್ಣ. ಇಪ್ಪತ್ತನೇ ವಯಸ್ಸಿನಲ್ಲಿ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೋಗಿದ್ದರು. ನಾಲ್ಕು ಸಾಲು ನುಡಿಸುವಷ್ಟರಲ್ಲಿ ಪರೀಕ್ಷಕರು ಕೈಯೆತ್ತಿ ನಿಲ್ಲಿಸಿದರು. "ನಿಮ್ಮವರಿಗೆ ಬೇರೆ ಸಂಗೀತ ಇದೆಯಲ್ಲ, ಇದಕ್ಕೆ ಯಾಕೆ ಬಂದ್ರಿ?" ಅಂದರು, ಬಹಳ ಮೃದುವಾಗಿ. ಐದನೇ ಸಾಲು ಇವತ್ತಿಗೂ ಅವರ ಬೆರಳಲ್ಲೇ ಉಳಿದಿದೆ. ವಿಡಿಯೋದಲ್ಲಿ ಇದನ್ನು ಹೇಳುವಾಗ ಅವರ ದನಿ ಒಡೆಯಿತು, ಅದು ನಾಟಕವಲ್ಲ.

ಕೊನೆಗೆ, "ಇದು ಹೊರಗೆ ಮಾತ್ರ ಇಲ್ಲ, ನಮ್ಮೊಳಗೂ ಇದೆ. ನಾವೆಲ್ಲರೂ ನಮ್ಮನ್ನ ನಾವೇ ನೋಡ್ಕೋಬೇಕು," ಅಂದರು. ನಾವೆಲ್ಲರೂ ಅನ್ನುವ ಮಾತು ಬಹಳ ಅಗಲವಾದದ್ದು. ಅದರ ಹಿಂದೆ ಒಬ್ಬ ಮೇಷ್ಟ್ರು ಆರಾಮಾಗಿ ಅಡಗಿ ಕೂರಬಹುದು.

ರೆಕಾರ್ಡಿಂಗ್ ನಿಲ್ಲಿಸಿದ ತಂಗಿ ಸ್ವಲ್ಪ ಹೊತ್ತು ಫೋನನ್ನು ಬಿಚ್ಚಲೇ ಇಲ್ಲ. "ಅಣ್ಣ, ಆ ಹುಡುಗಿ ವಿಷಯ ಹೇಳ್ತೀಯ ಅಂದ್ಕೊಂಡೆ."

"ಯಾವ ಹುಡುಗಿ?"

"ಯಾವ ಹುಡುಗಿ ಅಂತ ನನ್ನನ್ನ ಕೇಳ್ತೀಯಾ?" ಅಂದಳು ತಂಗಿ. "ಬೆರಳು ಕಾಣ್ತಿಲ್ಲ ಅಂದಿದ್ದು ನಾನೇ. ಅಂಗಡೀಲಿ ದಿನಾ ನೂರು ಜನಕ್ಕೆ ಈ ಗಾಜಲ್ಲಿ ಕಾಣತ್ತಾ, ಈ ಗಾಜಲ್ಲಿ ಕಾಣತ್ತಾ ಅಂತ ಕೇಳ್ತೀನಿ. ಕಾಣ್ಲಿಲ್ಲ ಅಂದ್ರೆ ಗಾಜು ಬದಲಾಯಿಸ್ತೀನಿ, ಕಣ್ಣಲ್ಲ."

ಮೇಷ್ಟ್ರು ಪೆನ್ಸಿಲ್ ಡಬ್ಬಿಯಲ್ಲಿ ಏನೋ ಹುಡುಕಿದರು. ಆ ವಿಡಿಯೋ ಅಂದೇ ಚಾನೆಲ್ಲಿಗೆ ಹೋಯಿತು.

೭

ಕೆಳಗೆ ಮೆಚ್ಚುಗೆ ಸುರಿಯಿತು. ಕಣ್ಣು ತೆರೆಸಿದಿರಿ ಅಂದರು, ನಿಮ್ಮಂಥ ಗುರುಗಳು ಬೇಕು ಅಂದರು. ಮೇಷ್ಟ್ರು ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಹಾಕುತ್ತಾ ಪರದೆಯಲ್ಲಿ ಕೆಳಗಿಳಿದರು. ಮೂರನೇ ದಿನ ಗಡಿಯಾರದ ಸಾಲು ಬಂತು, ಬೈಗುಳವಿಲ್ಲ, ಏನಿಲ್ಲ.

'ಇನ್ನೊಂದು ದೀಪ ಇತ್ತಲ್ಲ ಸರ್.'

ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು ಕೆಳಗೆ ಪ್ರಶ್ನೆಯ ಚಿಹ್ನೆ ಹಾಕಿದರು. ಮೇಷ್ಟ್ರು ಮಾತ್ರ ಎದ್ದು ಒಳಗೆ ಹೋಗಿ ಮಂಚದ ಮೇಲೆ ಕುಳಿತರು. ದೀಪ ಅಲ್ಲೇ ಇತ್ತು, ಅದೇ ಹಳೇ ದೀಪ. ನನಗೆ ಅದನ್ನು ತರುವುದಕ್ಕೆ ಏನಾಗಿತ್ತು ಅಂತ ಅವರು ತಮ್ಮನ್ನೇ ಕೇಳಿಕೊಂಡರು. ದೀಪ ಭಾರವಿತ್ತಾ? ಇಲ್ಲ. ಹೊತ್ತಾಗಿತ್ತಾ? ಇಲ್ಲ, ಡಾಕ್ಟರ ಮಗಳ ಜೊತೆ ಎರಡು ಗಂಟೆ ಹೆಣಗಿದ್ದರು. ಬೆಳ್ಳನೆ ಕೈ ಕೀಗಳ ಮೇಲೆ ಚೆನ್ನಾಗಿ ಕಾಣುತ್ತದೆ ಅಂತ ಮೊದಲೇ ಅನಿಸಿಬಿಟ್ಟಿತ್ತು. ಬೆಳಕು ಬರೀ ನೆವ. ಹಾಗೆ ಅನಿಸಿದ್ದು ಕೂಡ ಗೊತ್ತಾಗದಷ್ಟು ಮೆತ್ತಗೆ ಅನಿಸಿತ್ತು, ಆ ಪರೀಕ್ಷಕರ ದನಿಯಷ್ಟೇ ಮೆತ್ತಗೆ.

ಅವರಿಗೆ ನಾಚಿಕೆಯಾಯಿತು. ಆದರೂ ಅಂದು ಬರೆಯಲಿಲ್ಲ. ಮರುದಿನವೂ ಇಲ್ಲ. ನಾಚಿಕೆಯಾದವರು ಕೂಡಲೇ ಸರಿಹೋಗುತ್ತಾರೆ ಅನ್ನುವುದು ಕಥೆ ಬರೆಯುವವರು ಹಬ್ಬಿಸಿದ ಸುದ್ದಿ.

೮

ಈಗ ಮುಕ್ತಾಯ. ನನ್ನ ಹತ್ತಿರ ಕೆಲವಿವೆ.

ಒಂದನ್ನು ಮೇಷ್ಟ್ರೇ ಸೂಚಿಸಿದರು. "ನಾನು ಕ್ಯಾಮೆರಾ ಮುಂದೆ ಎಲ್ಲಾ ಒಪ್ಕೋತೀನಿ. ಅಳ್ತೀನಿ. ಅವಳು ನೋಡಿ, ಪರವಾಗಿಲ್ಲ ಸರ್ ಅಂತಾಳೆ."

"ಅವಳು ಪರವಾಗಿಲ್ಲ ಅಂತಾಳೆ ಅಂತ ನಿಮಗೆ ಯಾರು ಹೇಳಿದ್ರು?"

"ಕಥೆ ಬರೆಯೋರು ನೀವು. ಅನ್ನಿಸಿ."

ನಾನು ಒಪ್ಪಲಿಲ್ಲ. ಇನ್ನೊಂದು ಮುಕ್ತಾಯದಲ್ಲಿ ಗಡಿಯಾರ ದೊಡ್ಡ ಕಲಾವಿದೆಯಾಗಿ, ಮೇಷ್ಟ್ರು ಮೊದಲ ಸಾಲಿನಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ. ಅದು ಸಿನಿಮಾದವರಿಗೆ ಇರಲಿ. ಮತ್ತೊಂದರಲ್ಲಿ ಶಾಲೆಯವರೇ ಆ ಉಸಿರನ್ನು ಗುರುತು ಹಿಡಿಯುತ್ತಾರೆ. ಅದು ನನಗೆ ಬಹಳ ಇಷ್ಟವಾಗಿತ್ತು, ಎರಡು ದಿನ ಅದನ್ನೇ ತಿದ್ದಿದೆ. ಆದರೆ ಅದರಲ್ಲಿ ಮೇಷ್ಟ್ರು ಏನೂ ಮಾಡದೆಯೇ ಪಾರಾಗುತ್ತಾರೆ.

ಕೊನೆಗೆ ಅವಳನ್ನೇ ಕೇಳೋಣ ಅಂತ ಹೋದೆ. ಒಂದು ಮನೆಯ ಪಾಠ ಮುಗಿಸಿ ಇನ್ನೊಂದಕ್ಕೆ ಹೊರಟಿದ್ದಳು, ಬಗಲಲ್ಲಿ ಪುಸ್ತಕದ ಚೀಲ.

"ಕಥೆ ಹೇಗೆ ಮುಗೀಬೇಕು ಅನ್ಸತ್ತೆ ನಿಮಗೆ?" ಅಂದೆ.

"ಯಾರ ಕಥೆ?"

"ಮೇಷ್ಟ್ರದು."

"ಹಾಗಾದ್ರೆ ಅವರನ್ನೇ ಕೇಳಿ," ಅಂದಳು. "ನನಗೆ ಹೊತ್ತಾಗತ್ತೆ, ಮಕ್ಕಳು ಕಾಯ್ತಿದ್ದಾರೆ." ಹೋದಳು.

ಅವಳು ಬೀದಿ ತಿರುವು ದಾಟುವವರೆಗೂ ನಾನು ಅಲ್ಲೇ ನಿಂತಿದ್ದೆ. ಎಂಟು ಭಾಗ ಬರೆದಿದ್ದೇನೆ. ಎದೆ ಧಸಕ್ಕೆಂದದ್ದು ಮೇಷ್ಟ್ರದು, ನಾಚಿಕೆ ಮೇಷ್ಟ್ರದು, ಒಡೆದ ದನಿ ಮೇಷ್ಟ್ರದು. ಕೆಲಸ ಕಳೆದುಕೊಳ್ಳುತ್ತಿರುವವಳು ಅವಳು, ಕಥೆಯಲ್ಲಿ ಕಾಣುತ್ತಿರುವ ಕೈ ಮಾತ್ರ ಅವರದು. ಅವಳ ಮನಸ್ಸು ನನಗೆ ಸರಿಯಾಗಿ ಕಾಣುತ್ತಿಲ್ಲ, ಮೇಷ್ಟ್ರದು ಚೆನ್ನಾಗಿ ಕಾಣುತ್ತದೆ ಅಂತ ನಾನೂ ಮೊದಲ ದಿನವೇ ತೀರ್ಮಾನ ಮಾಡಿ ಕುಳಿತಿದ್ದೆ.

೯

ನಡೆದದ್ದು ಇದು.

ಇಪ್ಪತ್ತಮೂರನೇ ತಾರೀಖು ಮೇಷ್ಟ್ರು ಆ ಶಾಲೆಗೆ ಫೋನು ಮಾಡಿದರು. ಪ್ರಾಂಶುಪಾಲೆ ಮಾತಾಡಿದರು.

"ಹನ್ನೆರಡನೇ ಪಾಠ ನುಡಿಸಿದ್ದು ಆ ಹುಡುಗೀನೇ. ಕೈ ಬೇರೆಯವರದು," ಅಂದರು ಮೇಷ್ಟ್ರು.

"ನಿನ್ನೆ ತಾನೇ ಬೇರೆಯವರು ಕೆಲಸಕ್ಕೆ ಸೇರ್ಕೊಂಡ್ರು ಸರ್. ಇಪ್ಪತ್ತನೇ ತಾರೀಖು ಸಂಜೇವರೆಗೂ ಕಾದ್ವಿ. ನಿಮ್ಮಿಂದ ಪತ್ರ ತರ್ತೀನಿ ಅಂತ ಹೇಳಿ ಹೋಗಿದ್ಲು." ಮತ್ತೆ, "ನಮ್ಮದೇನೂ ತಪ್ಪಿಲ್ಲ ಅಲ್ವಾ? ಕೈ ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸತ್ತೆ."

"ತಪ್ಪು ನನ್ನದು," ಅಂದರು ಮೇಷ್ಟ್ರು. ಅದನ್ನೇ ಪತ್ರದಲ್ಲಿ ಬರೆದು ಶಾಲೆಗೂ ಅವಳಿಗೂ ಕಳಿಸಿದರು. ಮೂರು ದಿನ ಮುಂಚೆ ಆಗಿದ್ದರೆ ಅದು ಕೆಲಸದ ಪತ್ರ. ಈಗ ಬರೀ ಪತ್ರ.

ಆ ಸಂಜೆ ತಂಗಿಯನ್ನು ಕೂರಿಸಿಕೊಂಡು ಹನ್ನೆರಡನೇ ಪಾಠದಿಂದ ಆ ಬೆಳ್ಳನೆ ಕೈಗಳನ್ನು ತೆಗೆಸಿದರು. ಚಿತ್ರವಿಲ್ಲ, ಕಪ್ಪು ಪರದೆ, ಧ್ವನಿ ಮಾತ್ರ. ನುಡಿಸಿದವಳ ಪೂರ್ತಿ ಹೆಸರು ಕೆಳಗೆ ಹಾಕಿದರು. ಹಳೇ ಉತ್ತರವನ್ನು ಹುಡುಕಿ ತೆಗೆದು, 'ಆ ಉಸಿರು ನನ್ನದಲ್ಲ, ನುಡಿಸಿದವಳದ್ದು' ಅಂತ ತಿದ್ದಿದರು. ಎಲ್ಲ ಮುಗಿಸಿ ಅವಳಿಗೆ ಲಿಂಕು ಕಳಿಸಿ, ತಂಗಿಯ ಮುಖ ನೋಡಿದರು. ಎಷ್ಟೋ ದಿನದ ಮೇಲೆ ಅವರಿಗೆ ಎದೆ ಹಗುರಾಗಿತ್ತು. ನನಗೂ ಆಗಿತ್ತು, ಇಲ್ಲೇ ಮುಗಿಸೋಣ ಅಂದುಕೊಂಡಿದ್ದೆ.

ಎರಡು ದಿನದ ಮೇಲೆ ಉತ್ತರ ಬಂತು.

'ಪತ್ರ ಸಿಕ್ತು ಸರ್, ಥ್ಯಾಂಕ್ಸ್. ಪಾಠಾನೂ ನೋಡಿದೆ. ಈಗ್ಲೂ ನನ್ನ ಕೈ ಕಾಣ್ತಿಲ್ಲ.'

೧೦

ಮೇಷ್ಟ್ರು ಈ ಸಲ ಅಳಿಸಲಿಲ್ಲ. 'ಬಂದು ನುಡಿಸ್ತೀಯಾಮ್ಮ? ನಿನಗೆ ಮನಸ್ಸಿದ್ರೆ. ಇಲ್ಲ ಅಂದ್ರೂ ಸರಿ,' ಅಂತ ಬರೆದು ಕಳಿಸಿದರು. ಓದಿದ್ದಾಳೆ ಅಂತ ಫೋನು ತೋರಿಸುತ್ತದೆ. ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಭಾನುವಾರ. ಚಾನೆಲ್ ಸಮಾಚಾರದ ದಿನ, ಸಮಾಚಾರವಿಲ್ಲ. ಮೇಷ್ಟ್ರು ಎಂಟು ಹೆಜ್ಜೆ ನಡೆದು ಹೋಗಿ ಮಂಚದ ಪಕ್ಕದ ದೀಪ ತಂದು ಪಿಯಾನೋದ ಎಡಕ್ಕಿಟ್ಟಿದ್ದಾರೆ. ಎರಡೂ ದೀಪ ಹಚ್ಚಿದರೆ ಕಪ್ಪು ಕೀಗಳ ಅಂಚು ಕೂಡ ಒಂದೊಂದಾಗಿ ಎಣಿಸಬಹುದು, ಅಷ್ಟು ಬೆಳಕು. ಇಷ್ಟೇನಾ, ಅಂತ ತಂಗಿ ಅಂದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂರದೆ, ಬಾಗಿಲ ಪಕ್ಕ ಪಾಠಕ್ಕೆ ಬಂದವರು ಕಾಯುವ ಬೆಂಚಿನ ಮೇಲೆ ಕುಳಿತಿದ್ದಾರೆ.

"ಬರ್ತಾಳೆ ಅಂತ ಬರೀರಿ," ಅನ್ನುತ್ತಾರೆ ನನಗೆ. "ಒಂದೇ ಸಾಲು ತಾನೇ?"

ಮೇಷ್ಟ್ರೇ, ಅವಳೂ ನಿಮ್ಮನ್ನು ಒಂದೇ ಸಾಲು ಕೇಳಿದ್ದಳು. ನಾನು ಬರೆಯದಿರುವುದು ಸಿಟ್ಟಿಗಲ್ಲ, ನಿಮ್ಮ ಮೇಲಿನ ಸಿಟ್ಟು ಇಳಿದು ಎಷ್ಟೋ ಹೊತ್ತಾಯಿತು. ಬರೆದರೆ ಅವಳು ಬರುತ್ತಾಳೆ, ನನ್ನ ಕೈಲಿದೆ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಹಾಕಿದರೆ ಆಯಿತು. ಆದರೆ ಹಾಗೆ ಬರುವವಳು ನಾನು ಎಣಿಸಿದ ತಾಳಕ್ಕೆ ಕೈ ಆಡಿಸುವವಳು. ಅದೊಂದು ಸಲ ಆಗಿಹೋಗಿದೆ.

(ಓದುಗರೇ, ನಿಮಗೂ ಅವಳು ಬರಬೇಕು ಅನಿಸುತ್ತಿದೆ ಅಲ್ಲವೇ? ನನಗೂ. ಯಾರಿಗೋಸ್ಕರ ಅನ್ನುವುದನ್ನು ಮಾತ್ರ ಒಂದು ಸಲ ಕೇಳಿಕೊಳ್ಳಿ.)

ಫೋನು ಕಬ್ಬಿಣದ ಕೈಯಿಂದ ಕೆಳಗೆ ನೋಡುತ್ತಿದೆ, ರೆಕಾರ್ಡಿಂಗ್ ಶುರುವಾಗಿಲ್ಲ. ಫ್ರಿಜ್ಜಿನ ಪ್ಲಗ್ಗು ಕಿತ್ತಿದೆ. ಕೆಳಗೆ ಬೀದಿ ಬಾಗಿಲು ತೆರೆದಿದೆ. ಎರಡೂ ದೀಪ ಉರಿಯುತ್ತಿವೆ, ಸ್ಟೂಲು ಖಾಲಿ. ಬರುವುದು, ಬಿಡುವುದು ಅವಳಿಗೆ ಬಿಟ್ಟದ್ದು.